ಪೆನ್ಸಿಲ್ಲಿನಲ್ಲಿ ತಿದ್ದಿದವರು

ಸೆಪ್ಟೆಂಬರ್ ಬಂತೆಂದರೆ ನಮ್ಮ ಭಾಗದ ಶಾಲೆಗಳಲ್ಲಿ ಎರಡು ಆಚರಣೆ. 5ಕ್ಕೆ ಶಿಕ್ಷಕರ ದಿನ, 17ಕ್ಕೆ ಧ್ವಜಾರೋಹಣ. ನಾಡಿನ ಉಳಿದ ಕಡೆ 17 ಬರಿಯ ಒಂದು ತಾರೀಕು. ನಮಗೆ ಹಾಗಲ್ಲ. 1948ರಲ್ಲಿ ಆ ದಿನ ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ವರ್ಷ ದಾಟಿದ ಮೇಲೆ ನಮಗೆ ಬಂತು.

ನಾನು ಹುಮನಾಬಾದ್ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಹುಟ್ಟೂರು ಬಸವಕಲ್ಯಾಣ ತಾಲೂಕಿನ ಮೋರಖಂಡಿ. ಪ್ರತಿ ವರ್ಷ 5ನೇ ತಾರೀಕಿನ ಸಭೆಯಲ್ಲಿ ‘ನನ್ನ ಗುರುಗಳು’ ಎಂದು ನಾಲ್ಕು ಮಾತಾಡುವುದು ರೂಢಿ. ಮುಂದೆ ಗುರಿ ಹಿಂದೆ ಗುರು, ಮೊಂಬತ್ತಿಯ ಹಾಗೆ ತಾನು ಕರಗಿ ಬೆಳಕು ಕೊಡುವವನು, ಇಂಥ ಮಾತುಗಳು. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಚಹಾ ಬರುತ್ತದೆ, ಮುಗಿಯುತ್ತದೆ. ಈ ಸಲ ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅದಕ್ಕೆ ಕಾರಣ ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ನೋಟ್‌ಬುಕ್ಕು.

ಎಳ್ಳ ಅಮಾವಾಸ್ಯೆ ಮುಗಿದ ವಾರ ಮಕ್ಕಳಿಗೆ ಅದರ ಮೇಲೆಯೇ ಒಂದು ಪ್ರಬಂಧ ಬರೆಯಲು ಹೇಳಿದ್ದೆ. ಬೀದರ ಜಿಲ್ಲೆಯಲ್ಲಿ ಎಳ್ಳ ಅಮಾವಾಸ್ಯೆ ಅಂದರೆ ಊರಿಗೆ ಊರೇ ಹೊಲಕ್ಕೆ ಹೋಗಿ ಉಣ್ಣುವ ಹಬ್ಬ. ಆ ಹುಡುಗಿ ಬರೆದಿದ್ದಳು: ‘ನಸುಕಿನ್ಯಾಗ ಎದ್ದು ನೋಡಿದ್ರ ನಮ್ಮವ್ವ ಭಜ್ಜಿ ಮಾಡ್ಲತ್ತಿದ್ಳು.’ ನಾನು ಕೆಂಪು ಶಾಯಿಯಲ್ಲಿ ‘ನಸುಕಿನ್ಯಾಗ’ಕ್ಕೆ ಗೆರೆ ಎಳೆದೆ, ‘ಮಾಡ್ಲತ್ತಿದ್ಳು’ವನ್ನು ಹೊಡೆದು ಹಾಕಿದೆ. ‘ಭಜ್ಜಿ’ಯ ಸುತ್ತ ವೃತ್ತ ಬರೆದು ಪಕ್ಕದಲ್ಲಿ ‘ಪಲ್ಯ’ ಎಂದು ಬರೆದೆ. ಕೆಳಗೆ ‘ಗ್ರಾಂಥಿಕ ಭಾಷೆ ಬಳಸು’ ಎಂದು ಷರಾ. ಇಪ್ಪತ್ತು ವರ್ಷದಿಂದ ಮಾಡಿದ ಕೆಲಸ, ಕೈ ತಾನೇ ಮಾಡಿತು.

ಎರಡು ದಿನ ಬಿಟ್ಟು ಹುಡುಗಿ ಅದನ್ನೇ ಶುದ್ಧಪ್ರತಿ ಮಾಡಿ ತಂದಳು. ‘ಪ್ರಾತಃಕಾಲದಲ್ಲಿ ಎದ್ದು ನೋಡಿದಾಗ ನಮ್ಮ ತಾಯಿಯವರು ಪಲ್ಯವನ್ನು ತಯಾರಿಸುತ್ತಿದ್ದರು.’ ಒಂದು ತಪ್ಪಿಲ್ಲ. ಓದುತ್ತ ಹೋದ ಹಾಗೆ ಹಬ್ಬವೂ ಇಲ್ಲ, ಹೊಲವೂ ಇಲ್ಲ, ಅವಳ ಅವ್ವನೂ ಇಲ್ಲ. ಮೊದಲ ಪ್ರತಿ ಎರಡು ಪುಟ ಇತ್ತು, ಇದು ಮುಕ್ಕಾಲು ಪುಟ.

ಎಳ್ಳ ಅಮಾವಾಸ್ಯೆಯ ಭಜ್ಜಿಗೆ ಪಲ್ಯ ಎನ್ನಲು ಬರುವುದಿಲ್ಲ. ಎಣ್ಣೆಯಲ್ಲಿ ಕರಿದ ಬಜ್ಜಿಯೂ ಅದಲ್ಲ. ಆ ಕಾಲಕ್ಕೆ ಸಿಗುವ ಹಸಿ ಕಾಳು, ಸೊಪ್ಪು, ಕಾಯಿಪಲ್ಲೆ ಎಲ್ಲ ಕೂಡಿಸಿ ಬೇಯಿಸಿದ್ದು ಅದು. ಅಂಬಲಿಯ ಜೊತೆ ಉಣ್ಣುವಂಥದ್ದು, ವರ್ಷಕ್ಕೊಮ್ಮೆ ಮಾತ್ರ ಆ ರುಚಿ. ಇದು ಆ ಹುಡುಗಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಅದೇ ವಾರ ನಾನೂ ಮೋರಖಂಡಿಯ ನಮ್ಮ ಹೊಲದಲ್ಲಿ ಕುಳಿತು ಎರಡು ಸಲ ಹಾಕಿಸಿಕೊಂಡು ಉಂಡು ಬಂದಿದ್ದೆ. ಹೀಗಿದ್ದೂ ‘ಪಲ್ಯ’ ಎಂದು ಬರೆದೆನಲ್ಲ!

ಅವತ್ತು ಸಂಜೆ ಬಸ್ಸಿನಲ್ಲಿ ಕುಳಿತಾಗ ನೆನಪಾದದ್ದು ನನ್ನದೇ ಒಂದು ಹಳೆಯ ನೋಟ್‌ಬುಕ್ಕು. ಅದರಲ್ಲಿ ಒಂದೂ ಕೆಂಪು ಗೆರೆ ಇರಲಿಲ್ಲ.

ಆ ನೋಟ್‌ಬುಕ್ಕಿನ ಮಾತಿಗೆ ಮೊದಲು ನನ್ನ ಮುತ್ಯಾನ ಮಾತು ಹೇಳಬೇಕು. ಮುತ್ಯಾ ಸಾಲಿ ಕಲಿತದ್ದು ಬಸವಕಲ್ಯಾಣಕ್ಕೆ ಇನ್ನೂ ‘ಕಲ್ಯಾಣಿ’ ಎಂಬ ಹೆಸರಿದ್ದ ಕಾಲದಲ್ಲಿ. ನಿಜಾಮರ ರಾಜ್ಯ, ಉರ್ದು ಆಡಳಿತ ಭಾಷೆ. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೂ ಉರ್ದುವಿನಲ್ಲೇ. ಮುತ್ಯಾ ನಾಲ್ಕನೆಯವರೆಗೆ ಓದಿದ. ಕಲಿಸಿದ ಉರ್ದು ಮಾಸ್ತರರ ಮೇಲೆ ಅವನಿಗೆ ಬಹಳ ಗೌರವ. ಅವರ ಮಾತು ಬಂದರೆ ಕುಳಿತಲ್ಲೇ ಬೆನ್ನು ನೆಟ್ಟಗೆ ಮಾಡುತ್ತಿದ್ದ. ‘ಲೆಕ್ಕ ಅವ್ರೇ ಕಲಿಸ್ಯಾರ, ಇವತ್ತಿನ ತನಕ ಯಾವ ಅಡತ್ಯಾನೂ ನನಗ ಮೋಸ ಮಾಡಿಲ್ಲ’ ಅನ್ನುತ್ತಿದ್ದ. ಆದರೆ ಮನೆಯಲ್ಲಿ ಆಡುವ ಮಾತಿಗೆ ಒಂದು ಅಕ್ಷರ ಇದೆ ಎಂದು ಅವನಿಗೆ ಯಾರೂ ತೋರಿಸಲಿಲ್ಲ. 1956ರಲ್ಲಿ ರಾಜ್ಯಗಳ ಗಡಿ ಬದಲಾಗಿ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ ಒಂದು ಕಡೆ, ಜಹೀರಾಬಾದ್, ನಾರಾಯಣಖೇಡ ಒಂದು ಕಡೆ, ನಾವು ಮೈಸೂರು ರಾಜ್ಯಕ್ಕೆ. ಕಚೇರಿಯ ಕಾಗದ ಕನ್ನಡದಲ್ಲಿ ಬರತೊಡಗಿತು. ಓದು ಬಲ್ಲ ಮುತ್ಯಾ ಒಂದೇ ದಿನಕ್ಕೆ ಓದು ಬಾರದವನಾದ. ಕನ್ನಡದ ಮನುಷ್ಯ, ಕನ್ನಡ ಕಾಗದ ಹಿಡಿದು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕಾಯಿತು.

ಅದೇ ಕಾಲದಲ್ಲಿ ಅಲ್ಲೇ ಸನಿಹದ ಭಾಲ್ಕಿಯಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಮಠದ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಬೀದರ ಜಿಲ್ಲೆಯಲ್ಲಿ ಈ ಸಂಗತಿ ಗೊತ್ತಿಲ್ಲದವರಿಲ್ಲ. ಪ್ರತಿ ವರ್ಷ ಭಾಷಣಗಳಲ್ಲಿ ಕೇಳಿ ಕೇಳಿ ಅದು ನಮಗೆ ಸವೆದ ನಾಣ್ಯದಂತಾಗಿದೆ. ಒಮ್ಮೆ ನಿಂತು ಯೋಚಿಸಿದರೆ ತಿಳಿಯುತ್ತದೆ. ಕ, ಖ, ಗ ಕಲಿಸುವುದಕ್ಕೆ ಒಂದು ಮರೆ ಬೇಕಾಗಿದ್ದ ಕಾಲ ಅದು. ನೂರು ವರ್ಷ ದಾಟಿ ಬದುಕಿ 1999ರಲ್ಲಿ ಅವರು ಲಿಂಗೈಕ್ಯರಾದಾಗ ಕಣ್ಣೀರು ಹಾಕಿದ ಅನೇಕರಿಗೆ ಅವರು ಸ್ವಾಮಿಗಳು ಮಾತ್ರವಲ್ಲ, ಮೊದಲ ಮಾಸ್ತರರು. ನನ್ನ ಮುತ್ಯಾ ಭಾಲ್ಕಿಯಲ್ಲಿ ಹುಟ್ಟಿದ್ದರೆ ಅವನ ಕಥೆ ಬೇರೆಯಾಗುತ್ತಿತ್ತೇನೋ.

ನನ್ನ ಕಥೆ ಬೇರೆಯಾದದ್ದು ಇಬ್ಬರಿಂದ.

ಮೊದಲನೆಯವರು ನಮ್ಮೂರ ಸಾಲಿಯಲ್ಲಿ ನಾಲ್ಕನೆಯ ಇಯತ್ತೆಗೆ ಕಲಿಸಿದ ಟೀಚರು. ನಾವು ಅವರನ್ನು ‘ಬಾಯಾರ’ ಎಂದು ಕರೆಯುತ್ತಿದ್ದೆವು. ನಮ್ಮಲ್ಲಿ ಮುಂಗಾರಿನ ಹೆಸರು, ಉದ್ದು ಕೈಗೆ ಬರುವ ಹೊತ್ತಿಗೆ ಸಾಲಿಯ ಅರ್ಧ ಮಕ್ಕಳು ಹೊಲದಲ್ಲಿರುತ್ತಿದ್ದರು. ಕಾಯಿ ಬಿಡಿಸಲು ಸಣ್ಣ ಕೈಗಳೇ ಬೇಕು. ಮಳೆ ಬಂದರೆ ಕಾಳು ಮೊಳೆತು ಎಲ್ಲ ಹಾಳು. ನಾನು ಹದಿನೈದು ದಿನ ಸಾಲಿಗೆ ಹೋಗಿರಲಿಲ್ಲ. ಒಂದು ಮಧ್ಯಾಹ್ನ ಬಾಯಾರು ಬದುವಿನ ಮೇಲೆ ನಡೆದುಕೊಂಡು ಹೊಲಕ್ಕೇ ಬಂದುಬಿಟ್ಟರು. ನಾನು ಅವ್ವನ ಹಿಂದೆ ಅಡಗಿದೆ.

‘ರಾಶಿ ಮುಗೀಲಿ ಬಾಯಾರ, ಕಳಸ್ತೀವಿ’ ಅಂದ ಮುತ್ಯಾ.

‘ರಾಶಿ ಮುಗಿಯೂದ್ರಾಗ ಪರೀಕ್ಷಾ ಬರ್ತದ್ರಿ’ ಅಂದರು ಅವರು. ಜಗಳ ಮಾಡಲಿಲ್ಲ, ಉಪದೇಶ ಮಾಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವ್ವನ ಪಕ್ಕದ ಸಾಲಿನಲ್ಲಿ ನಿಂತು ಕಾಯಿ ಬಿಡಿಸತೊಡಗಿದರು. ಹಾಗೆ ಬಿಡಿಸುತ್ತಲೇ ನಾನು ಎಂಥ ಲೆಕ್ಕ ಮಾಡುತ್ತೇನೆ, ಯಾವ ಪದ್ಯ ಬಾಯಿಪಾಠ ಹೇಳುತ್ತೇನೆ ಎಂದು ಅವ್ವನಿಗೆ ಹೇಳಿದರು. ಹೊರಡುವಾಗ ಚೀಲದಿಂದ ನನ್ನ ಪ್ರಗತಿಪತ್ರ ತೆಗೆದು ಮುತ್ಯಾನ ಮುಂದೆ ಹಿಡಿದು ‘ಸಹಿ ಮಾಡ್ರಿ’ ಅಂದರು.

ಮುತ್ಯಾ ಹಿಂದೆ ಸರಿದ. ಕನ್ನಡದ ಕಾಗದ ಕಂಡರೆ ಅವನು ಹಾಗೆಯೇ. ‘ನನಗ ಉರ್ದು ಒಂದೇ ಬರ್ತದ’ ಅಂದ, ತಪ್ಪು ಮಾಡಿ ಸಿಕ್ಕಿಬಿದ್ದವನಂತೆ. ‘ಅದ್ರಾಗೇ ಮಾಡ್ರಿ’ ಅಂದರು. ಅವನು ಅಂಗಿಗೆ ಕೈ ಒರೆಸಿಕೊಂಡು ಬಲದಿಂದ ಎಡಕ್ಕೆ ನಿಧಾನವಾಗಿ ಬರೆದ. ಬಾಯಾರು ಕಾಗದವನ್ನು ಕಣ್ಣ ಹತ್ತಿರ ಹಿಡಿದು ನೋಡಿ, ‘ನನಗ ಇದು ಓದಾಕ ಬರಂಗಿಲ್ಲ, ನೀವೇ ಓದಿ ಹೇಳ್ರಿ’ ಅಂದರು. ಮುತ್ಯಾ ಬೆರಳಿಟ್ಟು ತನ್ನ ಹೆಸರನ್ನು, ಅಪ್ಪನ ಹೆಸರನ್ನು, ಕೊನೆಗೆ ‘ಮೋರಖಂಡಿ’ ಎಂಬುದನ್ನು ಗಟ್ಟಿಯಾಗಿ ಓದಿದ. ಕಾಗದ ಹಿಡಿದು ಮುತ್ಯಾ ಓದುವುದನ್ನು ನಾನು ಕಂಡದ್ದು ಅದೇ ಮೊದಲು. ಮರುದಿನ ಬೆಳಿಗ್ಗೆ ಅವನೇ ನನ್ನನ್ನು ಸಾಲಿಗೆ ಬಿಟ್ಟು ಹೋದ. ಕಾಯಿ ಇನ್ನೂ ಅರ್ಧ ಹೊಲದಲ್ಲಿತ್ತು.

ಎರಡನೆಯವರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಗುರುಗಳು. ಮಂಡ್ಯದ ಕಡೆಯವರು. ಆ ಕಾಲದಲ್ಲಿ ದಕ್ಷಿಣದವರಿಗೆ ಬೀದರಕ್ಕೆ ವರ್ಗ ಅಂದರೆ ಶಿಕ್ಷೆ ಎಂದೇ ಲೆಕ್ಕ. ಬಂದವರು ಬಂದ ದಿನದಿಂದಲೇ ಹೋಗುವ ದಿನ ಎಣಿಸುತ್ತಿದ್ದರು. ಇವರು ಮೊದಲ ದಿನ ತರಗತಿಗೆ ಬಂದು ‘ಏನ್ರಪ್ಪಾ, ಎಲ್ಲಾ ಚೆಂದಾಗಿದ್ದೀರಾ? ಊಟ ಮಾಡ್ಕಂಡು ಬಂದ್ರಾ?’ ಎಂದು ಕೇಳಿದ್ದಕ್ಕೆ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅಂಥ ಕನ್ನಡ ಸಿನೆಮಾದಲ್ಲಷ್ಟೇ ಕೇಳಿದ್ದೆವು. ಅವರು ಸಿಟ್ಟಾಗಲಿಲ್ಲ. ನಗು ನಿಲ್ಲುವವರೆಗೆ ಕಾದು, ‘ನನ್ನ ಮಾತೂ ಪುಸ್ತಕದ್ದಲ್ಲ ಕಣ್ರಪ್ಪಾ, ನಿಮ್ಮದೂ ಅಲ್ಲ. ಆದ್ರಿಂದ ನಾವು ನಾವು ಸರಿಹೋಯ್ತು’ ಅಂದರು.

ಅವರ ಕೈಯಲ್ಲಿ ಕೆಂಪು ಪೆನ್ನು ಕಂಡದ್ದೇ ಇಲ್ಲ. ನಮ್ಮ ನೋಟ್‌ಬುಕ್ಕುಗಳನ್ನು ಪೆನ್ಸಿಲ್ಲಿನಲ್ಲಿ ತಿದ್ದುತ್ತಿದ್ದರು. ಕಾಗುಣಿತ ತಪ್ಪಿದ್ದರೆ ಅಲ್ಲೇ ಸರಿ ಮಾಡುತ್ತಿದ್ದರು. ಆದರೆ ನಮ್ಮ ಕಡೆಯ ಮಾತು ಬಂದರೆ ಹೊಡೆಯುತ್ತಿರಲಿಲ್ಲ. ಅದನ್ನು ಹಾಗೇ ಬಿಟ್ಟು, ಮೇಲುಗಡೆ ಸಣ್ಣಗೆ ಪುಸ್ತಕದ ರೂಪ ಬರೆಯುತ್ತಿದ್ದರು. ‘ಹ್ಯಾಂಗ’ದ ಮೇಲೆ ‘ಹೇಗೆ’. ‘ಮಾಡ್ಲತ್ತಾರ’ದ ಮೇಲೆ ‘ಮಾಡುತ್ತಿದ್ದಾರೆ’. ಒಮ್ಮೆ ನಾನು ಎಳ್ಳ ಅಮಾವಾಸ್ಯೆಯ ಬಗ್ಗೆ ಬರೆಯುವಾಗ ‘ಮುತ್ಯಾ ಚರಗ ಚೆಲ್ಲಿದ’ ಎಂದು ಬರೆದಿದ್ದೆ. ‘ಚರಗ’ದ ಕೆಳಗೆ ಒಂದು ಗೆರೆ, ಅಂಚಿನಲ್ಲಿ ಪೆನ್ಸಿಲ್ಲಿನ ಅಕ್ಷರ: ‘ಇದು ಏನು? ನನಗೆ ಗೊತ್ತಿಲ್ಲ. ನಾಳೆ ಹೇಳು.’

ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮಾಸ್ತರರಿಗೆ ಗೊತ್ತಿಲ್ಲದ್ದು ಒಂದಿದೆ, ಅದು ನನಗೆ ಗೊತ್ತಿದೆ! ಮರುದಿನ ಇಡೀ ತರಗತಿಯ ಮುಂದೆ ನಿಂತು ಹೇಳಿದೆ. ಹೊಲದಲ್ಲಿ ಪೂಜೆಯಾದ ಮೇಲೆ ಮಾಡಿದ ಅಡಿಗೆಯನ್ನೆಲ್ಲ ಒಂದಿಷ್ಟು ಕೂಡಿಸಿ, ಭೂಮಿತಾಯಿಗೆ ಎಂದು ಕೂಗುತ್ತ ಹೊಲದ ತುಂಬ ಚೆಲ್ಲುತ್ತ ಹೋಗುವುದು, ಹಿಂದಿನಿಂದ ಇನ್ನೊಬ್ಬರು ನೀರು ಚಿಮುಕಿಸುತ್ತ ಬರುವುದು. ಅವರು ಮೇಜಿನ ಮೇಲಿದ್ದ ತಮ್ಮ ಪುಸ್ತಕದಲ್ಲಿ ಅದನ್ನು ಬರೆದುಕೊಂಡರು. ಆಮೇಲೆ ತಿಳಿಯಿತು, ಅದು ನಮ್ಮ ಶಬ್ದಗಳ ಪುಸ್ತಕ. ಮುಂದಿನ ವರ್ಷ ಮುತ್ಯಾ ಅವರನ್ನು ಹೊಲಕ್ಕೆ ಕರೆದ. ಅಂಬಲಿ, ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ. ‘ಮಾಸ್ತರ್ರ, ನೀವು ನಮ್ಮ ಪೋರಗ ಓದೂದು ಕಲಸ್ರಿ, ನಾವು ನಿಮಗ ಉಣ್ಣೂದು ಕಲಸ್ತೀವಿ’ ಎಂದು ಮುತ್ಯಾ ಒತ್ತಾಯ ಮಾಡಿ ಬಡಿಸಿದ. ಗುರುಗಳು ಪಂಚೆ ಎತ್ತಿ ಕಟ್ಟಿ, ಮುತ್ಯಾನ ಹಿಂದೆ ನೀರು ಚಿಮುಕಿಸುತ್ತ ಹೊಲ ಸುತ್ತಿದರು.

ನಮ್ಮೂರ ಹೆಸರಿಗೆ ಒಂದು ಬೆನ್ನಿದೆ ಎಂದು ಹೇಳಿದವರೂ ಅವರೇ. ರಾಷ್ಟ್ರಕೂಟರ ಮುಮ್ಮಡಿ ಗೋವಿಂದ ತನ್ನ ತಾಮ್ರಶಾಸನಗಳಲ್ಲಿ ಕೆಲವನ್ನು ‘ಮಯೂರಖಂಡಿ’ಯಿಂದ ಹೊರಡಿಸಿದ್ದಾನೆ. ಆ ಮಯೂರಖಂಡಿಯೇ ಇಂದಿನ ಮೋರಖಂಡಿ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಅವನ ಮಗ ಅಮೋಘವರ್ಷನ ಕಾಲದಲ್ಲಿ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ. ನಾವು ಎದೆ ಉಬ್ಬಿಸುವಷ್ಟರಲ್ಲಿ ಗುರುಗಳು, ‘ನಾಸಿಕದ ಕಡೆ ಇದೆ ಅನ್ನೋರೂ ಇದ್ದಾರೆ, ಜಂಬ ಬೇಡ. ಆದ್ರೆ ನಮ್ಮೂರಲ್ಲಿ ಏನೂ ಇಲ್ಲ ಅಂತ ಮಾತ್ರ ಹೇಳ್ಬೇಡಿ’ ಎಂದು ನಕ್ಕರು. ಆ ತನಕ ನಾವೆಲ್ಲ ಹೇಳುತ್ತಿದ್ದದ್ದು ಅದೇ ಮಾತು.

ಮೂರು ವರ್ಷಕ್ಕೆ ಅವರಿಗೆ ಊರ ಕಡೆ ವರ್ಗವಾಯಿತು. ಹೋಗುವ ದಿನ ನಾನು ಬಸವಕಲ್ಯಾಣದ ಬಸ್‌ಸ್ಟ್ಯಾಂಡಿಗೆ ಹೋಗಲಿಲ್ಲ. ಅಳು ಬಂದರೆ ಹುಡುಗರು ನಗುತ್ತಾರೆ ಎಂಬ ನಾಚಿಕೆ. ಒಂದು ಪತ್ರವನ್ನೂ ಬರೆಯಲಿಲ್ಲ.

ಮುಂದೆ ಓದಲು ದಕ್ಷಿಣದ ಒಂದು ಊರಿಗೆ ಹೋದೆ. ಅಲ್ಲಿ ಹಾಸ್ಟೆಲಿನಲ್ಲಿ ‘ಓದ್ಲತ್ತೀನಿ’ ಅಂದದ್ದೇ ತಡ, ಅದೇ ನನಗೆ ಅಡ್ಡಹೆಸರಾಯಿತು. ‘ಓ ಲತ್ತೀನಿ, ಬಾರೋ.’ ಮೊದಮೊದಲು ನಾನೂ ನಕ್ಕೆ. ಆಮೇಲೆ ಬಾಯಿ ಬಿಡುವ ಮೊದಲು ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ತೊಳೆದು ಆಡತೊಡಗಿದೆ. ಎಸ್‌ಟಿಡಿ ಬೂತಿನಿಂದ ಊರಿಗೆ ಫೋನ್ ಮಾಡುವಾಗ ಬಾಗಿಲು ಹಾಕಿಕೊಂಡು ಸಣ್ಣ ದನಿಯಲ್ಲಿ ಮಾತಾಡುತ್ತಿದ್ದೆ. ಅವ್ವ ‘ಕೇಳ್ಸಲ್ಲೋ, ಜೋರ ಮಾತಾಡು’ ಅನ್ನುತ್ತಿದ್ದಳು. ಎರಡು ವರ್ಷದಲ್ಲಿ ನನ್ನ ಕನ್ನಡ ಎಲ್ಲಿಯದೆಂದು ಯಾರಿಗೂ ಗೊತ್ತಾಗದ ಹಾಗೆ ಆಯಿತು. ಅದನ್ನು ನಾನು ಗೆಲುವು ಎಂದುಕೊಂಡೆ.

ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡುವಾಗ ಅದೇ ಅಮೋಘವರ್ಷನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಓದಿದೆ. ಒಂಬತ್ತನೆಯ ಶತಮಾನದಲ್ಲೇ ಆ ಗ್ರಂಥ ‘ಕನ್ನಡಂಗಳ್’ ಎಂದು ಬಹುವಚನದಲ್ಲಿ ಮಾತಾಡುತ್ತದೆ. ದೇಸಿ ಊರಿಗೊಂದು ಬಗೆ ಇರುವುದರಿಂದ ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ಲೆಕ್ಕ ಹಾಕಲು ಹೊರಟರೆ ವಾಸುಕಿಗೂ ಸಾಕಾಗಿ ಹೋದೀತು ಎಂಬ ಅರ್ಥದ ಮಾತು ಅದರಲ್ಲಿದೆ. ಪರೀಕ್ಷೆಯಲ್ಲಿ ಅದರ ಮೇಲೆ ಉತ್ತರ ಬರೆದು ಒಳ್ಳೆಯ ಅಂಕ ತೆಗೆದುಕೊಂಡೆ. ಆಮೇಲೆ ಶಿಕ್ಷಕನಾದೆ, ಕೆಂಪು ಪೆನ್ನು ಕೊಂಡೆ. ವಾಸುಕಿಗೆ ಸಾಕಾಗುವ ಕೆಲಸವನ್ನು ಇಪ್ಪತ್ತು ವರ್ಷ ಬೇಸರವಿಲ್ಲದೆ ಮಾಡಿದೆ.

ನನ್ನನ್ನು ನಾನು ಸಮರ್ಥಿಸಿಕೊಳ್ಳಲು ಕಾರಣಗಳು ಇಲ್ಲದಿಲ್ಲ. ಹತ್ತನೆಯ ಪರೀಕ್ಷೆಯ ಉತ್ತರಪತ್ರಿಕೆ ನೋಡುವವರು ಎಲ್ಲಿಯವರೋ. ನಮ್ಮ ಮಕ್ಕಳು ಅಂಕ ಕಳೆದುಕೊಳ್ಳಬಾರದು. ನನಗಾದ ಅವಮಾನ ಅವರಿಗೆ ಆಗಬಾರದು. ಈ ಕೊನೆಯ ಕಾರಣವನ್ನೇ ನಾನು ಬಹಳ ಕಾಲ ನಂಬಿದ್ದೆ. ಆದರೆ ಆ ಹುಡುಗಿಯ ಮುಕ್ಕಾಲು ಪುಟ ನೋಡಿದ ಮೇಲೆ ತಿಳಿಯಿತು. ಹಾಸ್ಟೆಲಿನ ಹುಡುಗರು ನನಗೆ ಮಾಡಿದ್ದನ್ನೇ ನಾನು ಇವಳಿಗೆ ಮಾಡಿದ್ದೆ, ಅದೂ ಪ್ರೀತಿಯ ಹೆಸರಿನಲ್ಲಿ. ಅವರು ನಕ್ಕಿದ್ದರು, ನಾನು ಷರಾ ಬರೆದಿದ್ದೆ, ಅಷ್ಟೇ ಫರಕು.

ಆ ರವಿವಾರ ಊರಿಗೆ ಹೋದೆ. ಹುಮನಾಬಾದಿನಿಂದ ಬಂಗ್ಲಾ ದಾಟಿ ಬಸವಕಲ್ಯಾಣ, ಅಲ್ಲಿಂದ ಮೋರಖಂಡಿ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ನೋಟ್‌ಬುಕ್ಕು ಇತ್ತು. ಅಂಚು ಇಲಿ ತಿಂದಿತ್ತು. ನನ್ನ ಶಾಯಿ ನೀರು ಬಿದ್ದು ಹರಡಿ ಹೋಗಿತ್ತು. ಪೆನ್ಸಿಲ್ಲಿನ ಅಕ್ಷರ ಮಾತ್ರ ಹಾಗೇ ಇತ್ತು. ‘ಇದು ಏನು? ನನಗೆ ಗೊತ್ತಿಲ್ಲ. ನಾಳೆ ಹೇಳು.’

ಅವರ ಜೊತೆ ಕೆಲಸ ಮಾಡಿದ ನಿವೃತ್ತರೊಬ್ಬರನ್ನು ಹುಡುಕಿ, ಅವರಿಂದ ಇನ್ನೊಬ್ಬರನ್ನು ಹಿಡಿದು, ನಾಲ್ಕು ದಿನಕ್ಕೆ ಫೋನ್ ನಂಬರು ಸಿಕ್ಕಿತು. ಮಗಳು ಎತ್ತಿಕೊಂಡರು. ‘ಅಪ್ಪಂಗೆ ಈಗ ನೆನಪು ಸ್ವಲ್ಪ ಕಮ್ಮಿ, ಜೋರಾಗಿ ಮಾತಾಡಿ’ ಎಂದು ಕೊಟ್ಟರು. ನಾನು ಹೆಸರು ಹೇಳಿದೆ. ಗೊತ್ತಾಗಲಿಲ್ಲ. ಯಾವ ವರ್ಷ, ಯಾವ ಬೆಂಚು, ಯಾವ ನಾಟಕದಲ್ಲಿ ಪಾತ್ರ ಮಾಡಿದ್ದೆ, ಎಲ್ಲ ಹೇಳಿದೆ. ‘ಹೌದೇನಪ್ಪಾ, ಸಂತೋಷ, ಸಂತೋಷ’ ಅಂದರು. ಯಾರಿಗೂ ಹೇಳುವ ದನಿ. ಮೂವತ್ತು ವರ್ಷ ತಡವಾಗಿ ಕೃತಜ್ಞತೆ ಹೇಳಲು ಹೊರಟವನಿಗೆ ಇದು ಸಲ್ಲತಕ್ಕದ್ದೇ ಎಂದುಕೊಂಡು ಸುಮ್ಮನಾದೆ. ಕೊನೆಗೆ, ‘ನಾ ಮೋರಖಂಡಿಯಾಂವ ರೀ ಸರ’ ಅಂದೆ. ಎಷ್ಟೋ ವರ್ಷದ ಮೇಲೆ ತೊಳೆಯದೆ ಬಂದ ಮಾತು.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದರು, ‘ಈ ಸಲ ಚರಗ ಚೆಲ್ಲಿದ್ರೇನಪ್ಪಾ?’

‘ಚೆಲ್ಲೀವ್ರಿ ಸರ’ ಅಂದೆ. ಮುಂದೆ ಮಾತು ಬರಲಿಲ್ಲ. ಅವರೇ ಮಳೆ ಹೇಗಾಯಿತು, ತೊಗರಿ ಹೇಗಿದೆ ಎಂದು ಕೇಳಿದರು. ನನ್ನ ಹೆಸರು ಅವರಿಗೆ ಕೊನೆಯವರೆಗೂ ನೆನಪಾಗಲಿಲ್ಲ. ಥ್ಯಾಂಕ್ಸ್ ಅನ್ನುವುದೂ ಮರೆತುಹೋಯಿತು.

ಬಾಯಾರಿಗೆ ಹೇಳುವ ಅವಕಾಶ ಅಷ್ಟೂ ಉಳಿದಿಲ್ಲ. ಅವರು ತೀರಿಕೊಂಡು ಹತ್ತು ವರ್ಷವಾಯಿತು.

ಸೋಮವಾರ ಆ ಹುಡುಗಿಯನ್ನು ಕರೆದೆ. ಅವಳ ಮೊದಲ ಪ್ರತಿಯನ್ನು ಮುಂದಿಟ್ಟು, ‘ನಾ ತಪ್ಪು ತಿದ್ದೀನಿ ತಂಗಿ. ಭಜ್ಜಿ ಅನ್ನೂದೇ ಖರೆ’ ಅಂದೆ. ಅವಳು ನಂಬಲಿಲ್ಲ. ನನ್ನ ಮುಖ ನೋಡಿದಳು, ಕೆಂಪು ವೃತ್ತ ನೋಡಿದಳು. ‘ಮತ್ತ ಪರೀಕ್ಷಾದಾಗ ಯಾವ್ದು ಬರೀಲ್ರಿ ಸರ?’ ಎಂದು ಕೇಳಿದಳು.

ಉತ್ತರ ನನ್ನ ಬಳಿ ಚೊಕ್ಕವಾಗಿ ಇರಲಿಲ್ಲ. ‘ಮಾಡ್ಲತ್ತಿದ್ಳು ಅನ್ನೂದರ ಬದ್ಲಿ ಮಾಡುತ್ತಿದ್ದಳು ಅಂತ ಬರಿ. ಅದೂ ಬರ್ಬೇಕು, ಅದನ್ನ ನಾ ಕಲಸ್ತೀನಿ. ಆದ್ರ ಭಜ್ಜಿಗೆ ಭಜ್ಜಿ ಅಂತೇ ಬರಿ. ಯಾರರೇ ಹೊಡದ್ರ ಒಂದ ಅಂಕ ಹೋಗ್ತದ, ಹೋಗ್ಲಿ’ ಅಂದೆ. ಇನ್ನೊಬ್ಬರ ಮಗಳ ಒಂದು ಅಂಕವನ್ನು ಹೀಗೆ ಧಾರಾಳವಾಗಿ ಬಿಟ್ಟುಕೊಡುವ ಹಕ್ಕು ನನಗಿದೆಯೇ, ಗೊತ್ತಿಲ್ಲ. ಅವಳು ಸ್ವಲ್ಪ ಯೋಚಿಸಿ ತಲೆಯಾಡಿಸಿದಳು.

ಈ ಸೆಪ್ಟೆಂಬರ್ 5ರಂದು ಮೊಂಬತ್ತಿಯ ಮಾತು ಬಿಟ್ಟು ಮಕ್ಕಳಿಗೆ ಇಷ್ಟನ್ನೇ ಹೇಳಿದೆ. ಹೆಸರುಕಾಯಿ ಬಿಡಿಸಿದ ಬಾಯಾರ ಕಥೆ, ಪೆನ್ಸಿಲ್ಲಿನ ಗುರುಗಳ ಕಥೆ. ಇಬ್ಬರೂ ನನಗೆ ಬಹಳ ಕಲಿಸಿದರು. ಅದರಲ್ಲಿ ಎಷ್ಟೋ ಮರೆತಿದ್ದೇನೆ. ಮರೆಯದೆ ಉಳಿದದ್ದು ಅವರು ಬಾಯಿಬಿಟ್ಟು ‘ನನಗೆ ಗೊತ್ತಿಲ್ಲ, ನೀವು ಹೇಳಿ’ ಎಂದದ್ದು. ಒಬ್ಬರು ಅದನ್ನು ಮುತ್ಯಾನಿಗೆ ಹೇಳಿದರು, ಒಬ್ಬರು ನನಗೆ. ಚಪ್ಪಾಳೆ ಪ್ರತಿ ವರ್ಷದಷ್ಟೇ ಬಿತ್ತು. ಸಭೆ ಮುಗಿದ ಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗ ಬಂದು, ‘ಸರ, ನಮ್ಮ ತಾಂಡಾದಾಗ ನಾವು ಮಾತಾಡೂದು ಲಂಬಾಣಿ. ಅದನ್ನೂ ಬರೀಬಹುದೇನ್ರಿ?’ ಎಂದು ಕೇಳಿದ.

ಆ ಮಾತು ನನಗೆ ಒಂದಕ್ಷರವೂ ಬರುವುದಿಲ್ಲ. ನಾಳೆ ಹೇಳು ಅಂದೆ.